ಸಂಧಾನಕ್ಕೆ ಹೊರಟವರ ಮನೆಯಿಂದ

ಈ ವರ್ಷ ನಾನು ಸಾರ್ವಜನಿಕ ರಾಜತಾಂತ್ರಿಕತೆ ಎಂಬ ವಿಷಯದಲ್ಲಿ ಸ್ನಾತಕೋತ್ತರ ಓದಿಗೆ ಹೊರಟಿದ್ದೇನೆ. ಮುಂಬೈ ಪಕ್ಕದ ಡೊಂಬಿವಿಲಿಯ ನಮ್ಮ ಮನೆಗೆ ಬಂದುಹೋಗುವವರಲ್ಲಿ ಹೆಚ್ಚಿನವರದು ಒಂದೇ ಪ್ರಶ್ನೆ. ದೊಡ್ಡಪ್ಪ ಅದನ್ನು ಎಲ್ಲರಿಗಿಂತ ನೇರವಾಗಿ ಕೇಳಿದರು: "ವಿದೇಶಾಂಗ ಸೇವೆಗೆ ಸೇರುವ ಆಸೆ ಇದ್ದರೆ ಯುಪಿಎಸ್‌ಸಿ ಪರೀಕ್ಷೆ ಬರೆಯಬಹುದಲ್ಲ ಮಗಳೇ? ಬ್ಯಾಂಕಿನಲ್ಲಿ ಸಾಲ ಮಾಡಿ ಅಮೆರಿಕಕ್ಕೆ ಹೋಗಿ ಓದುವಂಥದ್ದು ಇದರಲ್ಲಿ ಏನಿದೆ?" ಅವರ ಪ್ರಶ್ನೆ ನ್ಯಾಯವಾದದ್ದೇ. ಅಂದು ಊಟದ ಹೊತ್ತಿನಲ್ಲಿ ನಾನು ಕೊಟ್ಟ ಉತ್ತರ ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಸಾವಕಾಶವಾಗಿ ಕುಳಿತು ಬರೆದರೆ ಸರಿಹೋಗಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ದೇಶದ ಅಧಿಕಾರಿಗಳು ಇನ್ನೊಂದು ದೇಶದ ಅಧಿಕಾರಿಗಳೊಂದಿಗೆ ಕುಳಿತು ಒಪ್ಪಂದ ಮಾಡಿಕೊಳ್ಳುವುದು ನಮಗೆಲ್ಲ ಗೊತ್ತಿರುವ ರಾಜತಾಂತ್ರಿಕತೆ. ಆ ದೇಶದ ಜನಸಾಮಾನ್ಯರನ್ನೇ ನೇರವಾಗಿ ತಲುಪುವ ಕೆಲಸ ಇದರ ಪಕ್ಕದಲ್ಲೇ ಬಹಳ ಕಾಲದಿಂದ ನಡೆದುಬಂದಿದೆ. ರೇಡಿಯೊ, ಗ್ರಂಥಾಲಯ, ವಿದ್ಯಾರ್ಥಿವೇತನ, ಭಾಷಾ ತರಗತಿ, ಕಲಾತಂಡಗಳ ಪ್ರವಾಸ ಎಲ್ಲವೂ ಇದಕ್ಕೆ ಸೇರುತ್ತವೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಫ್ಲೆಚರ್ ಶಾಲೆಯ ಡೀನ್ ಆಗಿದ್ದ ಎಡ್ಮಂಡ್ ಗಲಿಯನ್ 1965ರಲ್ಲಿ ಇದಕ್ಕೆ ಸಾರ್ವಜನಿಕ ರಾಜತಾಂತ್ರಿಕತೆ ಎಂಬ ಈಗಿನ ಹೆಸರು ಕೊಟ್ಟರು. ಹೆಸರು ಬರುವ ಮೊದಲೇ ಫ್ರೆಂಚರು 1883ರಲ್ಲಿ ತಮ್ಮ ಭಾಷೆ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್ ತೆರೆದಿದ್ದರು, ಬ್ರಿಟಿಷರು 1934ರಲ್ಲಿ ಬ್ರಿಟಿಷ್ ಕೌನ್ಸಿಲ್ ಕಟ್ಟಿದ್ದರು, ನಮ್ಮಲ್ಲಿ ಮೌಲಾನಾ ಆಜಾದ್ 1950ರಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿಯನ್ನು ಸ್ಥಾಪಿಸಿದ್ದರು. ಅಪ್ಪ ಶಾಲೆಗೆ ಹೋಗುವಾಗ ಪುಸ್ತಕಗಳಿಗೆ ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪಾದ ಬಣ್ಣದ ಹಾಳೆಗಳ ಬೈಂಡು ಹಾಕುತ್ತಿದ್ದರಂತೆ. ಆ ಹಾಳೆಯೂ ಯಾರೋ ಯೋಚಿಸಿ, ದುಡ್ಡು ಸುರಿದು, ಕನ್ನಡಕ್ಕೆ ತಂದು ಇಲ್ಲಿಗೆ ಕಳುಹಿಸಿದ್ದೇ. ರಷ್ಯಾದ ಗೋಧಿ ಹೊಲಗಳ ಚಿತ್ರವನ್ನು ಅಪ್ಪ ಇಂದಿಗೂ ಮರೆತಿಲ್ಲ. ಪಾಠ ಯಾವುದೆಂಬುದು ಮರೆತುಹೋಗಿದೆ.

ಇಷ್ಟನ್ನು ಯಾವ ಪುಸ್ತಕದಿಂದಲಾದರೂ ತಿಳಿಯಬಹುದು. ನನ್ನನ್ನು ಇದರತ್ತ ಎಳೆದದ್ದು ಪುಸ್ತಕವಲ್ಲ, ಅಜ್ಜ.

ಕುಂದಾಪುರದ ಕಡೆಯ ನನ್ನ ಅಜ್ಜ ಐವತ್ತರ ದಶಕದಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಊರಿನವರೊಬ್ಬರ ಜೊತೆ ಮುಂಬೈಗೆ ಬಂದರು. ಹಗಲು ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆ ಕನ್ನಡದ ರಾತ್ರಿಶಾಲೆ. ನಮ್ಮ ಕರಾವಳಿಯ ಸಂಘಗಳು ಹೋಟೆಲು ಹುಡುಗರಿಗಾಗಿ ನಡೆಸುತ್ತಿದ್ದ ಆ ರಾತ್ರಿಶಾಲೆಗಳ ಋಣ ಮುಂಬೈ ಕನ್ನಡಿಗರ ಎಷ್ಟೋ ಮನೆಗಳ ಮೇಲಿದೆ. ಅದನ್ನು ಬರೆಯಹೊರಟರೆ ಬೇರೆಯದೇ ಲೇಖನವಾದೀತು. ಅಜ್ಜ ಮಾಣಿಯಾದರು, ಸಪ್ಲೈಯರ್ ಆದರು, ಗಲ್ಲೆಯಲ್ಲಿ ಕುಳಿತರು, ಕೊನೆಗೆ ಮಸ್ಜಿದ್ ಬಂದರ್‌ನ ದಾಣಾ ಬಂದರಿನ ಬಳಿ ಸ್ವಂತಕ್ಕೆ ಒಂದು ಚಿಕ್ಕ ಹೋಟೆಲು ಹಿಡಿದರು. ಅದು ಆಗ ನಗರದ ಧಾನ್ಯದ ಸಗಟು ಪೇಟೆ. ಮಾಲೀಕರು ಕಚ್ಛಿಗಳು, ಗುಜರಾತಿಗಳು. ಮೂಟೆ ಹೊರುವ ಮಾಥಾಡಿಗಳು ಸಾತಾರಾ ಕಡೆಯ ಮರಾಠಿಗರು. ಗುಮಾಸ್ತರು ಎಲ್ಲ ಕಡೆಯವರು. ಅಡುಗೆಯ ಭಟ್ಟರು ಮತ್ತು ಹುಡುಗರು ಮಾತ್ರ ನಮ್ಮ ಊರಿನವರು.

ಅಜ್ಜನ ಉದ್ರಿ ಪುಸ್ತಕ ಈಗ ನನ್ನ ಬಳಿ ಇದೆ. ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ, ಮೇಲಕ್ಕೆ ಮಗುಚುವ ಪುಸ್ತಕ. ಎಡಗಡೆ ಗಿರಾಕಿ, ನಡುವೆ ತಾರೀಖು, ಬಲಗಡೆ ರೂಪಾಯಿ ಪೈಸೆ. ಎಲ್ಲವೂ ಕನ್ನಡದಲ್ಲಿ, ರಾತ್ರಿಶಾಲೆಯ ದುಂಡು ಅಕ್ಷರದಲ್ಲಿ. ಹೆಸರು ಗೊತ್ತಿಲ್ಲದವರಿಗೆ ಗುರುತು: "ಮೂರನೇ ಗೋದಾಮಿನ ಮೇಸ್ತ್ರಿ", "ಬೆಳ್ಳಿ ಕಡಗದ ಗುಮಾಸ್ತ". ಲೆಕ್ಕದ ಪುಸ್ತಕದಲ್ಲಿ ಇರಬೇಕಾದದ್ದು ಇಷ್ಟೇ. ಆದರೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಇನ್ನೊಂದು ಸಾಲು ಇದೆ. "ಗುರುವಾರ ಒಪ್ಪತ್ತು, ಸಾಬುದಾಣೆ ಇಡಬೇಕು." "ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾಂಬಾರು ಬೇರೆ ಪಾತ್ರೆಯಲ್ಲಿ." "ಮಗಳ ಮದುವೆ, ಈ ತಿಂಗಳು ಕೇಳಬಾರದು." "ಮರಾಠಿ ಪೇಪರು ತರಿಸಬೇಕು, ಕೇಳಿದರು." ಒಂದು ಕಡೆ ಬರೇ "ಊರಲ್ಲಿ ಮಳೆ ಇಲ್ಲ" ಎಂದಿದೆ. ಯಾರ ಊರು ಎಂದು ಬರೆದಿಲ್ಲ. ಗಿರಾಕಿ ಸಾತಾರಾದವನಾದ್ದರಿಂದ ಅಲ್ಲಿಯ ಮಳೆಯೇ ಇರಬೇಕು.

ಉಡುಪಿ ಹೋಟೆಲುಗಳಲ್ಲಿ ಸಾಬುದಾಣೆ ಖಿಚಡಿ, ಮಿಸಳ್, ಜೈನ ಸಾಂಬಾರು ಹೇಗೆ ಬಂದವು ಎಂದು ಯಾರಾದರೂ ಕೇಳಿದರೆ ವ್ಯಾಪಾರದ ಜಾಣತನ ಎಂದು ಹೇಳಿ ಮುಗಿಸುತ್ತಾರೆ. ಜಾಣತನ ಇದ್ದದ್ದು ನಿಜ. ಆದರೆ ಎದುರಿಗೆ ಕುಳಿತವನ ಹಬ್ಬ, ಉಪವಾಸ, ಊರಿನ ಮಳೆ ಇವನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳುವ ಶ್ರದ್ಧೆಗೆ ಆ ಮಾತು ಚಿಕ್ಕದಾಯಿತು. ನಾನು ಓದಲಿರುವ ಶಾಸ್ತ್ರದಲ್ಲಿ ನಿಕೋಲಸ್ ಕಲ್ ಎಂಬ ಇತಿಹಾಸಕಾರರು ಸಾರ್ವಜನಿಕ ರಾಜತಾಂತ್ರಿಕತೆಯ ಐದು ಅಂಗಗಳನ್ನು ಹೇಳುತ್ತಾರೆ: ಆಲಿಸುವುದು, ನಮ್ಮ ನಿಲುವನ್ನು ಮಂಡಿಸುವುದು, ಸಂಸ್ಕೃತಿ, ಜನರ ವಿನಿಮಯ, ಅಂತಾರಾಷ್ಟ್ರೀಯ ಪ್ರಸಾರ. ಆಲಿಸುವುದನ್ನು ಅವರು ಮೊದಲು ಇಟ್ಟಿದ್ದಾರೆ. ಅದನ್ನು ಓದಿದ ದಿನ ನಾನು ಕಪಾಟಿನಿಂದ ಆ ಕೆಂಪು ಪುಸ್ತಕ ತೆಗೆದು ಪೆನ್ಸಿಲಿನ ಸಾಲುಗಳನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸಿಹಿಯಾಗಿರುತ್ತದೆ, ಪೂರ್ತಿ ಆಗುವುದಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ನಂತರದ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಎದ್ದ ಚಳವಳಿಯ ಬಿಸಿ ಮುಂಬೈಯ ಉಡುಪಿ ಹೋಟೆಲುಗಳಿಗೂ ತಟ್ಟಿತು. ಅಜ್ಜನ ಹೋಟೆಲಿಗೂ ಕಲ್ಲು ಬಿತ್ತು. ತಿಂಡಿಯ ಗಾಜಿನ ಕಪಾಟು ಒಡೆಯಿತು. ಅಷ್ಟು ವರ್ಷ ಉದ್ರಿ ಕೊಟ್ಟದ್ದು, ಮರಾಠಿ ಪೇಪರು ತರಿಸಿದ್ದು, ಗಣೇಶೋತ್ಸವಕ್ಕೆ ಚಂದಾ ಕೊಟ್ಟದ್ದು, ಯಾವುದೂ ಆ ಕಲ್ಲನ್ನು ತಡೆಯಲಿಲ್ಲ. ಆದರೆ ಹಿಂದಿನ ರಾತ್ರಿ, ಬೀದಿಯ ಗಣೇಶ ಮಂಡಳಿಯಲ್ಲಿ ಓಡಾಡುತ್ತಿದ್ದ ಮಾಥಾಡಿ ಯುವಕನೊಬ್ಬ ಹಿಂಬಾಗಿಲಿನಿಂದ ಬಂದು, "ನಾಳೆ ಹುಡುಗರನ್ನು ಒಳಗೆ ಮಲಗಿಸಬೇಡಿ ಶೇಠ್" ಎಂದು ಹೇಳಿ ಹೋಗಿದ್ದ. ಅಂಗಡಿಯೊಳಗೇ ಮಲಗುತ್ತಿದ್ದ ಹುಡುಗರನ್ನೆಲ್ಲ ಅಜ್ಜ ಮಾಟುಂಗಾದ ಪರಿಚಯಸ್ಥರ ಕೋಣೆಗೆ ಸಾಗಿಸಿದರು. ಯಾರಿಗೂ ಏನೂ ಆಗಲಿಲ್ಲ. ಕೆಲವು ದಿನಗಳ ನಂತರ ಅದೇ ಯುವಕನೇ ಬಂದು ಇನ್ನು ಬಾಗಿಲು ತೆರೆಯಬಹುದು ಎಂದ.

ಈ ಸಂಗತಿಯನ್ನು ಅಜ್ಜ ಯಾವತ್ತೂ ಸೌಹಾರ್ದದ ಕಥೆಯಾಗಿ ಹೇಳಲಿಲ್ಲ. ಕಲ್ಲು ಬಿದ್ದದ್ದನ್ನೂ ಮುಚ್ಚಿಡಲಿಲ್ಲ, ಆ ಯುವಕನನ್ನೂ ಮರೆಯಲಿಲ್ಲ. ಸಾರ್ವಜನಿಕ ರಾಜತಾಂತ್ರಿಕತೆಯ ಬಗ್ಗೆ ದೊಡ್ಡ ದೊಡ್ಡ ಮಾತುಗಳನ್ನು ಓದುವಾಗಲೆಲ್ಲ ನಾನು ಇದನ್ನು ನೆನೆಸಿಕೊಳ್ಳುತ್ತೇನೆ. ಜನರ ನಡುವಿನ ಸದ್ಭಾವ ರಾಜಕೀಯದ ಬಿರುಗಾಳಿಯನ್ನು ನಿಲ್ಲಿಸುತ್ತದೆ ಎಂದು ನಾನು ನಂಬುವುದಿಲ್ಲ. ಗಾಳಿ ಬೀಸುವ ಹೊತ್ತಿನಲ್ಲೂ ಒಂದು ಹಿಂಬಾಗಿಲು ತೆರೆದಿರುವಂತೆ ಅದು ನೋಡಿಕೊಳ್ಳುತ್ತದೆ ಎಂದು ನಂಬುತ್ತೇನೆ. ಅಷ್ಟು ಸಾಕು, ಅದಕ್ಕಾಗಿ ದುಡಿಯುವುದು ಸಾರ್ಥಕ.

ಅಮ್ಮನ ತವರು ಸೊಲ್ಲಾಪುರ. ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಕೇರಿಯಲ್ಲಿ ಕೇಳಿಬರುವ ಊರು. ರಜೆಗೆ ಅಲ್ಲಿಗೆ ಹೋದಾಗ ಸೋದರಮಾವ ನಮ್ಮನ್ನು ಡಾಕ್ಟರ್ ದ್ವಾರಕಾನಾಥ ಕೋಟಣೀಸರ ಮನೆಗೆ ಕರೆದುಕೊಂಡು ಹೋಗುತ್ತಿದ್ದರು, ಅದೀಗ ಸ್ಮಾರಕ. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಕೋಟಣೀಸರು ಮುಂಬೈಯಲ್ಲಿ ವೈದ್ಯಕೀಯ ಓದಿದರು. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಅವರೂ ಒಬ್ಬರು. ಉಳಿದವರು ಹಿಂತಿರುಗಿದರು. ಕೋಟಣೀಸರು ಅಲ್ಲೇ ಉಳಿದು, ಚೀನೀ ಭಾಷೆ ಕಲಿತು, ಅಲ್ಲಿಯ ದಾದಿಯೊಬ್ಬರನ್ನು ಮದುವೆಯಾಗಿ, ಗಾಯಾಳುಗಳ ಶಸ್ತ್ರಚಿಕಿತ್ಸೆ ಮಾಡುತ್ತಾ 1942ರ ಡಿಸೆಂಬರಿನಲ್ಲಿ, 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗ ಭಾರತಕ್ಕೆ ತನ್ನದೇ ಸರಕಾರವಿರಲಿಲ್ಲ, ರಾಯಭಾರಿಗಳೂ ಇರಲಿಲ್ಲ. 1962ರ ಯುದ್ಧದ ನಂತರವೂ, ಗಡಿಯಲ್ಲಿ ಎಷ್ಟು ಬಿಗುವಿದ್ದರೂ, ಚೀನಾದ ನಾಯಕರು ಭಾರತಕ್ಕೆ ಬಂದಾಗ ಕೋಟಣೀಸರ ಮನೆಯವರನ್ನು ಭೇಟಿಯಾಗುವುದು ನಡೆದುಬಂದಿದೆ. 2013ರಲ್ಲಿ ಪ್ರಧಾನಿ ಲಿ ಕಚ್ಯಾಂಗ್ ಮುಂಬೈಗೆ ಬಂದಾಗ ವೃದ್ಧೆಯಾಗಿದ್ದ ಅವರ ತಂಗಿಯನ್ನು ಕಂಡರು. ಕೋಟಣೀಸರ ಬಾಳು ಗಡಿಯ ಒಂದು ಅಂಗುಲವನ್ನೂ ಇತ್ಯರ್ಥ ಮಾಡಿಲ್ಲ. ಆದರೂ ಎರಡು ದೇಶಗಳು ಪರಸ್ಪರ ಮುಖ ನೋಡಿ ಮಾತನಾಡಲು ಹಿಡಿದುಕೊಳ್ಳುವ ಕೆಲವೇ ಹೆಸರುಗಳಲ್ಲಿ ಸೊಲ್ಲಾಪುರದ ಈ ವೈದ್ಯರದೂ ಒಂದು. ಅಮ್ಮ ಮುನ್ಸಿಪಲ್ ಶಾಲೆಯಲ್ಲಿ ಕನ್ನಡ ಕಲಿಸುವಾಗ ಪ್ರತಿ ವರ್ಷ ಮಕ್ಕಳಿಗೆ ಈ ಕಥೆಯನ್ನು ತಪ್ಪದೆ ಹೇಳುತ್ತಿದ್ದರು; ಪಠ್ಯದಲ್ಲಿ ಇರಲಿ ಬಿಡಲಿ.

ಇನ್ನು ತಾಳಮದ್ದಳೆ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು.

ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದಾಗ ಕಲಾವಿದರು ಮುಂಬೈಗೆ ಬರುತ್ತಾರೆ. ಸಂಘಗಳ ಸಭಾಂಗಣಗಳಲ್ಲಿ ಭಾನುವಾರ ಮಧ್ಯಾಹ್ನದಿಂದ ರಾತ್ರಿಯವರೆಗೆ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು, ನಡುವೆ ಮಾತು, ಆ ಕ್ಷಣದಲ್ಲೇ ಹುಟ್ಟುವ ಮಾತು. ಅಜ್ಜ ಹವ್ಯಾಸಿ ಅರ್ಥಧಾರಿ. ಕೃಷ್ಣ ಸಂಧಾನ ಪ್ರಸಂಗ ಬಂದರೆ ಅವರಿಗೆ ಕೊಡುತ್ತಿದ್ದದ್ದು ಹೆಚ್ಚಾಗಿ ಕೌರವನ ಪಾತ್ರ. ಮನೆಯಲ್ಲಿ ತಯಾರಿ ನಡೆಯುವಾಗ ಅಜ್ಜಿ ಕೃಷ್ಣನಾಗಬೇಕಿತ್ತು. ಅವರು ಕಾಯಿ ತುರಿಯುತ್ತಾ, "ಐದು ಗ್ರಾಮವನ್ನಾದರೂ ಕೊಡು ಎಂದರೆ ಏನು ಹೇಳುತ್ತೀರಿ?" ಎಂದು ಕೇಳುವರು. ಅಜ್ಜ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಉತ್ತರ ಹುಡುಕುವರು. ಉತ್ತರ ಸಡಿಲವಾದರೆ ಅಜ್ಜಿ ತುರಿಮಣೆಯಿಂದ ತಲೆ ಎತ್ತದೆಯೇ, "ಕೌರವ ಇಷ್ಟು ದಡ್ಡನೇ?" ಎನ್ನುವರು.

ದಡ್ಡನಲ್ಲ, ಅದೇ ಆ ಕಲೆಯ ನೀತಿ. ಪಾತ್ರ ಸಿಕ್ಕಿದ ಮೇಲೆ ಆ ಪಾತ್ರದ ಪಕ್ಷವನ್ನು ಪೂರ್ತಿಯಾಗಿ, ಮರ್ಯಾದೆಯಿಂದ ವಾದಿಸಬೇಕು. ಕೌರವನು ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಎನ್ನುವುದಕ್ಕೆ ಅವನದೇ ಆದ ಕಾರಣ, ಅವಮಾನ, ಭಯ ಇರಬೇಕು. ಅವನನ್ನು ಬೊಂಬೆ ಮಾಡಿ ಕೂರಿಸಿದರೆ ಕೃಷ್ಣನ ಮಾತಿಗೂ ಬೆಲೆ ಇರುವುದಿಲ್ಲ. ನನಗೆ ಒಪ್ಪಿಗೆಯಾಗದ ವಾದವನ್ನು ಅದನ್ನು ನಂಬಿದವನಿಗಿಂತ ಚೆನ್ನಾಗಿ ಹೇಳಲು ಬರಬೇಕು ಎಂಬುದನ್ನು ನಾನು ಕಲಿತದ್ದು ಆ ಸಭಾಂಗಣಗಳಲ್ಲಿ, ಮಡಚುವ ಕಬ್ಬಿಣದ ಕುರ್ಚಿಗಳ ಮೇಲೆ ಕುಳಿತು.

ಸಂಧಾನದ ಕಥೆಯಲ್ಲಿ ನನ್ನನ್ನು ಇನ್ನೂ ಕಾಡುವ ಸಂಗತಿ ಒಂದಿದೆ. ಕೌರವನು ಒಪ್ಪಲಾರನೆಂದು ಕೃಷ್ಣನಿಗೆ ಗೊತ್ತು. ಹಾಗಿದ್ದೂ ಹಸ್ತಿನಾವತಿಗೆ ಹೋಗುತ್ತಾನೆ. ಕೌರವನ ಔತಣವನ್ನು ಬಿಟ್ಟು ವಿದುರನ ಮನೆಯಲ್ಲಿ ಉಣ್ಣುತ್ತಾನೆ. ಮರುದಿನ ತುಂಬಿದ ಸಭೆಯಲ್ಲಿ, ಭೀಷ್ಮ ದ್ರೋಣರು ಕೇಳುವಂತೆ, ನೆರೆದ ಅರಸರೆಲ್ಲ ಕೇಳುವಂತೆ ಮಾತನಾಡುತ್ತಾನೆ. ಅವನು ಮಾತನಾಡುತ್ತಿರುವುದು ಒಬ್ಬ ದೊರೆಯೊಂದಿಗೆ ಮಾತ್ರವಲ್ಲ. ಶಾಂತಿಗಾಗಿ ಕೊನೆಯವರೆಗೂ ಯಾರು ಪ್ರಯತ್ನಿಸಿದರು ಎಂಬುದು ಲೋಕಕ್ಕೆ ತಿಳಿಯಬೇಕು. ಎಲ್ಲಿ ಉಂಡ ಎಂಬುದೂ ಆ ಮಾತಿನ ಭಾಗವೇ. ಗಲಿಯನ್ ಹೆಸರಿಟ್ಟ ವಿದ್ಯೆಯ ಹೂರಣವೆಲ್ಲ ಈ ಪ್ರಸಂಗದಲ್ಲಿದೆ ಎಂದರೆ ನಮ್ಮದೇ ಮೊದಲು ಎಂದು ಎದೆ ತಟ್ಟಿಕೊಳ್ಳುವ ಚಾಳಿಯಂತೆ ಕೇಳಿಸಬಹುದು. ನನ್ನ ಮನಸ್ಸಿನಲ್ಲಿ ಇರುವುದು ಅದಲ್ಲ. ಈ ವಿದ್ಯೆಯನ್ನು ಪರಕೀಯವೆಂದು ಹೆದರದೆ ಓದಬಲ್ಲೆ ಎಂಬ ಧೈರ್ಯ ನನಗೆ ಅಲ್ಲಿಂದ ಬಂದಿದೆ, ಅಷ್ಟೇ.

ಪದವಿ ಓದಿದ್ದು ಪುಣೆಯಲ್ಲಿ. ಆ ಊರಿನ ಕಾಲೇಜುಗಳಿಗೆ ಆಫ್ರಿಕಾದಿಂದ, ಪಶ್ಚಿಮ ಏಷ್ಯಾದಿಂದ, ಅಫ್ಘಾನಿಸ್ತಾನದಿಂದ ಬಂದು ಓದುವವರು ಬಹಳ. ಅವರಲ್ಲಿ ಕೆಲವರು ಭಾರತ ಸರಕಾರದ ವಿದ್ಯಾರ್ಥಿವೇತನದ ಮೇಲೆ ಬಂದವರು. ತಾಂಜಾನಿಯಾದ ನನ್ನ ಗೆಳತಿಯೂ ಹಾಗೆ ಬಂದವಳು. ಅವಳ ಜೊತೆ ಬಾಡಿಗೆ ಕೋಣೆ ಹುಡುಕಲು ನಾನು ಹೋಗುತ್ತಿದ್ದೆ. ಫೋನಿನಲ್ಲಿ ನನ್ನ ಮರಾಠಿ ಕೇಳಿ ಕೋಣೆ ಖಾಲಿ ಇದೆ ಎಂದವರು, ಬಾಗಿಲಲ್ಲಿ ಅವಳ ಮುಖ ನೋಡಿದ ಕೂಡಲೇ ನಿನ್ನೆಯಷ್ಟೇ ಕೊಟ್ಟೆವು ಎನ್ನುತ್ತಿದ್ದರು. ಅವಳು ಅಲ್ಲಿ ಏನೂ ಹೇಳುತ್ತಿರಲಿಲ್ಲ. ಮೆಟ್ಟಿಲಿಳಿದು ಬಂದ ಮೇಲೆ ಮುಂದಿನ ವಿಳಾಸ ಯಾವುದು ಎಂದು ಕೇಳುತ್ತಿದ್ದಳು. ನನಗೆ ಆಗುತ್ತಿದ್ದ ನಾಚಿಕೆಯನ್ನು ಬರೆಯಲು ಮಾತು ಸಾಲದು. ಕೊನೆಗೆ ಕೋಣೆ ಕೊಟ್ಟವರು ನಿವೃತ್ತ ಶಿಕ್ಷಕಿಯೊಬ್ಬರು. ಸಂಕ್ರಾಂತಿಗೆ ಅವಳ ಕೈಗೆ ಎಳ್ಳಿನ ಲಾಡು ಇಟ್ಟು, ಸಿಹಿಯಾಗಿ ಮಾತನಾಡು ಎಂದು ಮರಾಠಿಯಲ್ಲಿ ಹೇಳಿಕೊಟ್ಟವರೂ ಅವರೇ.

ಒಂದು ದೇಶ ಲಕ್ಷಗಟ್ಟಲೆ ಖರ್ಚು ಮಾಡಿ ಒಬ್ಬ ವಿದ್ಯಾರ್ಥಿನಿಯನ್ನು ಕರೆಸಿಕೊಳ್ಳುತ್ತದೆ. ಅವಳು ಭಾರತವೆಂದರೆ ಏನೆಂದು ತಿಳಿದುಕೊಳ್ಳುವುದು ಆ ಬಾಗಿಲುಗಳ ಮುಂದೆ ನಿಂತು. ಅಮೆರಿಕದ ಮಾಹಿತಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಪತ್ರಕರ್ತ ಎಡ್ವರ್ಡ್ ಮರೊ ಅರವತ್ತರ ದಶಕದಲ್ಲಿ ಹೇಳಿದ್ದರು: ಸಂದೇಶವನ್ನು ಸಾವಿರಾರು ಮೈಲಿ ಕಳುಹಿಸುವುದು ಕಷ್ಟವಲ್ಲ, ಕೊನೆಯ ಮೂರು ಅಡಿಯನ್ನು ದಾಟಿಸುವುದೇ ಕಷ್ಟ, ಅದು ಮನುಷ್ಯ ಮನುಷ್ಯನೊಡನೆ ಮಾತನಾಡಿದಾಗ ಮಾತ್ರ ಆಗುತ್ತದೆ, ಎಂಬ ಅರ್ಥದ ಮಾತು. ಪುಣೆಯ ಮನೆ ಮಾಲೀಕರೆಲ್ಲ ಆ ಮೂರು ಅಡಿಯ ಒಡೆಯರು. ಅವರಿಗೆ ಅದನ್ನು ಯಾರೂ ಹೇಳಿಲ್ಲ.

ನಮ್ಮ ದೇಶ ತೋರಿಸುವುದರಲ್ಲಿ ಗಟ್ಟಿಗ. 2014ರಲ್ಲಿ ವಿಶ್ವಸಂಸ್ಥೆಯಲ್ಲಿ ಯೋಗ ದಿನದ ನಿರ್ಣಯಕ್ಕೆ 170ಕ್ಕೂ ಹೆಚ್ಚು ದೇಶಗಳು ಜೊತೆ ನಿಂತವು. ಅದು ಸಣ್ಣ ಸಾಧನೆಯಲ್ಲ. ಭಾರತ ಸರಕಾರ ಹೊರದೇಶದವರಿಗಾಗಿ 1964ರಿಂದ ನಡೆಸುತ್ತಿರುವ ಐಟೆಕ್ ತರಬೇತಿಗಳಿಂದ ಅನೇಕ ದೇಶಗಳ ಅಧಿಕಾರಿಗಳು, ತಂತ್ರಜ್ಞರು ಇಲ್ಲಿ ಬಂದು ಕಲಿತಿದ್ದಾರೆ. ವಿದೇಶಾಂಗ ಸಚಿವಾಲಯ 2006ರಲ್ಲಿ ಸಾರ್ವಜನಿಕ ರಾಜತಾಂತ್ರಿಕತೆಗೆಂದೇ ಒಂದು ವಿಭಾಗ ತೆರೆದು, ಮುಂದೆ ಅದನ್ನು ಪ್ರಚಾರ ವಿಭಾಗದೊಂದಿಗೆ ಸೇರಿಸಿತು. ನನಗೆ ಒಪ್ಪಿಗೆಯಾಗದ್ದು ಇದೇ ಸೇರಿಸುವಿಕೆ. ಪ್ರಚಾರ ಹೇಳುತ್ತಾ ಹೋಗುತ್ತದೆ. ಕೇಳಿಸಿಕೊಂಡು ಬರೆದಿಟ್ಟುಕೊಳ್ಳುವ ಪೆನ್ಸಿಲು ಅಲ್ಲಿ ಯಾರ ಕೈಯಲ್ಲಿದೆ?

ಕೊಡುವವನ ಧೋರಣೆ ಕೊಟ್ಟದ್ದನ್ನೂ ಕೆಡಿಸಬಲ್ಲದು ಎನ್ನುವುದಕ್ಕೆ ಅಜ್ಜ ದಾಣಾ ಬಂದರಿನ ಗೋಧಿಯನ್ನೇ ಉದಾಹರಿಸುತ್ತಿದ್ದರು. ಅಮೆರಿಕ ತನ್ನ 1954ರ ಪಿಎಲ್ 480 ಎಂಬ ಆಹಾರ ನೆರವಿನ ಕಾಯ್ದೆಯಡಿ ಹಡಗುಗಟ್ಟಲೆ ಗೋಧಿ ಕಳುಹಿಸಿತು. ಅರವತ್ತರ ದಶಕದ ಮಧ್ಯದ ಬರಗಾಲದಲ್ಲಿ ಅದು ಕೋಟ್ಯಂತರ ಜನರ ಹೊಟ್ಟೆ ತುಂಬಿಸಿತು. ಆದರೆ ಅಧ್ಯಕ್ಷ ಜಾನ್ಸನ್ 1965ರ ನಂತರ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಗಿಹಿಡಿದು ಬಿಡತೊಡಗಿದರು. ಕೃಷಿ ನೀತಿ ಬದಲಾಗಬೇಕೆಂಬ ಒತ್ತಾಯ ಅದರ ಹಿಂದಿತ್ತು, ವಿಯೆಟ್ನಾಂ ಬಗ್ಗೆ ಭಾರತ ಆಡಿದ ಮಾತುಗಳ ಸಿಟ್ಟೂ ಇತ್ತು. ಹೊಟ್ಟೆಗೆ ಬಿದ್ದ ಗೋಧಿಗಿಂತ ಹಡಗಿಗೆ ಕಾದ ಅವಮಾನ ಜನರ ನೆನಪಿನಲ್ಲಿ ಉಳಿಯಿತು. ಉದ್ರಿ ಕೊಟ್ಟವನು ನಾಲ್ಕು ಜನರ ಎದುರಿಗೆ ಬಾಕಿ ಕೇಳಬಾರದು ಎಂಬುದು ಅಜ್ಜನ ಹೋಟೆಲಿನ ನಿಯಮವಾಗಿತ್ತು. ದೊಡ್ಡ ರಾಷ್ಟ್ರವೊಂದಕ್ಕೆ ಅದು ತಿಳಿಯಲಿಲ್ಲವಲ್ಲ ಎಂದು ಅವರಿಗೆ ನಿಜವಾಗಿಯೂ ಬೇಸರವಿತ್ತು.

ಹಾಗಾದರೆ ಅದೇ ಅಮೆರಿಕಕ್ಕೆ ಓದಲು ಯಾಕೆ? ದೊಡ್ಡಪ್ಪನ ಎರಡನೆಯ ಪ್ರಶ್ನೆ ಇದು, ಮೊದಲಿನದಕ್ಕಿಂತ ಗಟ್ಟಿ. ಅಲ್ಲಿಯ ಸರಕಾರ ತನ್ನ ಮಾಹಿತಿ ಸಂಸ್ಥೆಯನ್ನು 1999ರಲ್ಲೇ ಮುಚ್ಚಿತು. 1942ರಲ್ಲಿ ಶುರುವಾದ ವಾಯ್ಸ್ ಆಫ್ ಅಮೆರಿಕಾ ರೇಡಿಯೊದ ಹೆಚ್ಚುಕಡಿಮೆ ಎಲ್ಲ ಸಿಬ್ಬಂದಿಯನ್ನು 2025ರ ಮಾರ್ಚಿನಲ್ಲಿ ರಜೆಯ ಮೇಲೆ ಕಳುಹಿಸಿತು. ಅಂಗಡಿ ಮುಚ್ಚುತ್ತಿರುವವರ ಬಳಿ ವ್ಯಾಪಾರ ಕಲಿಯುವುದೇ ಎಂದರು ದೊಡ್ಡಪ್ಪ. ಕಲಿಯಬೇಕಾದದ್ದು ಅಲ್ಲೇ ಎಂದು ನನಗೆ ಅನಿಸುತ್ತದೆ. ದಶಕಗಳ ಕಾಲ ಕಟ್ಟಿದ್ದನ್ನು ಬಿಟ್ಟುಬಿಡುವ ದೇಶಕ್ಕೆ ಏನಾಗುತ್ತದೆ, ಖಾಲಿಯಾದ ಜಾಗಕ್ಕೆ ಯಾರು ಬರುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆಂದೇ 2003ರಿಂದ ಒಂದು ಕೇಂದ್ರವಿದೆ, ಇದಕ್ಕೆಂದೇ ರೂಪಿಸಿದ ಸ್ನಾತಕೋತ್ತರ ಪದವಿಯಿದೆ. ಕಲ್ ಅವರು ಕಲಿಸುವುದೂ ಅಲ್ಲಿಯೇ. ನನಗೆ ಸೀಟು ಸಿಕ್ಕಿರುವುದು ಅಲ್ಲಿ. ವಿದೇಶಾಂಗ ಸೇವೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಕಾರ್ಕಳ ಮೂಲದ ಬೆನಗಲ್ ನರಸಿಂಗ ರಾಯರು ಸಂವಿಧಾನದ ಸಲಹೆಗಾರರಾಗಿ, ಆಮೇಲೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ಮಾಡಿದ ಕೆಲಸವನ್ನು ಓದಿದವರು ಯಾರೂ ಅದನ್ನು ಹಗುರವಾಗಿ ಕಾಣಲಾರರು. ಆದರೆ ನನ್ನ ಮನಸ್ಸು ಇರುವುದು ಸಭೆಯ ಒಳಗಿನ ಪೀಠದಲ್ಲಲ್ಲ, ವಿದುರನ ಮನೆಯ ಪಂಕ್ತಿಯಲ್ಲಿ.

ಪ್ರಬಂಧದ ವಿಷಯವನ್ನು ಈಗಲೇ ಗೊತ್ತುಮಾಡಿಕೊಂಡಿದ್ದೇನೆ: ಪುಣೆ, ಮುಂಬೈಗಳಲ್ಲಿ ಓದಿ ತಮ್ಮ ದೇಶಗಳಿಗೆ ಮರಳಿದವರು ಭಾರತದ ಬಗ್ಗೆ ಮನೆಯಲ್ಲಿ, ಕಚೇರಿಯಲ್ಲಿ, ತಮ್ಮ ಮಕ್ಕಳಿಗೆ ಏನು ಹೇಳುತ್ತಾರೆ. ತಾಂಜಾನಿಯಾದ ಗೆಳತಿ ಈಗ ದಾರ್ ಎಸ್ ಸಲಾಮ್‌ನಲ್ಲಿ ಕೆಲಸದಲ್ಲಿದ್ದಾಳೆ. ತನ್ನ ಪರಿಚಯದವರನ್ನು ಮಾತನಾಡಿಸಿ ಕೊಡುತ್ತೇನೆ ಎಂದಿದ್ದಾಳೆ. ಪ್ರಶ್ನಾವಳಿಯ ಕರಡನ್ನು ಅವಳಿಗೆ ಕಳುಹಿಸಿದ್ದೆ. ವಿದ್ಯಾರ್ಥಿವೇತನ, ಪಠ್ಯಕ್ರಮ, ಉದ್ಯೋಗ ಎಂದು ಕ್ರಮವಾಗಿ ಜೋಡಿಸಿದ್ದ ಪ್ರಶ್ನೆಗಳನ್ನೆಲ್ಲ ಅವಳು ಕೆಳಗೆ ತಳ್ಳಿ, ಮೊದಲಿಗೆ ತನ್ನದೊಂದನ್ನು ಸೇರಿಸಿ ವಾಪಸು ಕಳುಹಿಸಿದ್ದಾಳೆ: ನಿಮಗೆ ಕೋಣೆ ಕೊಟ್ಟವರು ಯಾರು?